ಸಹಾಯ ಬೇಕು: ಮೊರೆತ ತೆಗೆದರೆ ಪ್ರತಿಧ್ವನಿಯೂ ಹೋಗುತ್ತಿದೆ

ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ 1950ರ ದಶಕದ ಮಧ್ಯಭಾಗದಲ್ಲಿ ಧ್ವನಿಮುದ್ರಣವಾದ ರಾಕ್ ಅಂಡ್ ರೋಲ್ ಹಾಡೊಂದನ್ನು 78 ಆರ್‌ಪಿಎಂ ರೆಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡು ಶುಚಿಗೊಳಿಸುತ್ತಿದ್ದೇನೆ. ಬಳಸಿದ್ದು 3 ಮಿಲ್ (ಇಂಚಿನ ಸಾವಿರದ ಮೂರು ಭಾಗ) ತುದಿಯ ಪ್ಲೇಯರ್ ಮುಳ್ಳು. ಚಟಪಟ ಸದ್ದು ಚೆನ್ನಾಗಿಯೇ ಹೋಯಿತು. ತೊಡಕಿರುವುದು ಹಿನ್ನೆಲೆಯಲ್ಲಿ ಸತತವಾಗಿ ಕೇಳುವ ‘ಸ್ಸ್’ ಎಂಬ ಮೊರೆತದಲ್ಲಿ.

ಆ ಸ್ಟುಡಿಯೋದ ಮಾಲೀಕ ಸ್ಯಾಮ್ ಫಿಲಿಪ್ಸ್ ಎರಡು ಆಂಪೆಕ್ಸ್ ಟೇಪ್ ಯಂತ್ರಗಳನ್ನು ಜೋಡಿಸಿ, ದನಿ ಚೂರು ತಡವಾಗಿ ಮರಳಿ ಬರುವಂತೆ ಮಾಡುತ್ತಿದ್ದರು. ಆ ಸ್ಲ್ಯಾಪ್‌ಬ್ಯಾಕ್ ಪ್ರತಿಧ್ವನಿಯೇ ಈ ಹಾಡುಗಳ ಜೀವ. ಹಾಡಿಗೆ ಮುಂಚಿನ ಖಾಲಿ ಗೆರೆಯಿಂದ ಸದ್ದಿನ ಮಾದರಿ ತೆಗೆದು ಮೊರೆತವನ್ನು 12 ಡೆಸಿಬಲ್ ತಗ್ಗಿಸಿದರೆ, ಸಾಲಿನ ಕೊನೆಯ ಪದದ ಬೆನ್ನಿಗೇ ಬರುವ ಮರುದನಿ ಥಟ್ಟನೆ ನಿಂತುಬಿಡುತ್ತದೆ. ಡಬಲ್ ಬಾಸ್‌ನ ತಂತಿ ಬಡಿತ ನೀರಿನೊಳಗಿಂದ ಕೇಳಿದಂತಾಗುತ್ತದೆ. 6 ಡೆಸಿಬಲ್ ಮಾತ್ರ ತಗ್ಗಿಸಿದರೆ ಮರುದನಿ ಉಳಿಯುತ್ತದೆ, ಆದರೆ ಗಿಟಾರ್ ಒಂದೇ ನುಡಿಯುವ ಕಡೆ ಮೊರೆತ ಎದ್ದು ಕೇಳುತ್ತದೆ. ಮೂಲ ಟೇಪಿನ ಉಸಿರನ್ನೂ ಅಳಿಸಿಹಾಕುವುದು ನನಗೆ ಸುತರಾಂ ಇಷ್ಟವಿಲ್ಲ.

ಹಳೆಯ ರೆಕಾರ್ಡುಗಳ ಮೇಲೆ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ: 5 ಕಿಲೋಹರ್ಟ್ಸ್‌ಗಿಂತ ಮೇಲಿನ, ಅಂದರೆ ತೀಕ್ಷ್ಣ ಸ್ವರಗಳ, ಭಾಗದ ಮೊರೆತವನ್ನು ಮಾತ್ರ ತಗ್ಗಿಸಬೇಕೆ, ಅಥವಾ ಇಡೀ ಹಾಡಿಗೆ 6 ಡೆಸಿಬಲ್ ಇಟ್ಟುಕೊಂಡು ಗಿಟಾರ್ ಇರುವ ಜಾಗಗಳನ್ನಷ್ಟೇ ಬೇರೆಯಾಗಿ ತಿದ್ದಬೇಕೆ?