ಅತ್ತೆಯ ಧಾರೆ ಸೀರೆ ಮೇಲೆ ಆಗಿನ ಮಾತುಗಳನ್ನು ಹೊಲಿಯಬೇಕು, ಸಲಹೆ ಕೊಡಿ

ಮಂಡ್ಯದ ಸೊಸೆ:
ನನ್ನ ಸೋದರತ್ತೆಗೆ 1984ರಲ್ಲಿ ಮೈಸೂರಿನಲ್ಲಿ ಟಿಸಿಎಚ್ (ಶಿಕ್ಷಕರ ತರಬೇತಿ) ಸೀಟು ಸಿಕ್ಕಿತ್ತು. ಸೇರಲು ಬಿಡಲಿಲ್ಲ. ಅದೇ ವರ್ಷ ಮದುವೆ ಮಾಡಿದರು. ಆ ಧಾರೆಯ ಮೈಸೂರು ಸಿಲ್ಕ್ ಸೀರೆ ಈಗ ನನ್ನ ಹತ್ತಿರ ಇದೆ. "ಉಡೋರ್ ಯಾರೂ ಇಲ್ಲ, ಏನಾರ ಮಾಡ್ಕೊ ಕಣವ್ವ" ಅಂತ ಅವರೇ ಕೊಟ್ಟರು.

ಆಗ ಮನೆಯಲ್ಲಿ, ಬೀದಿಯಲ್ಲಿ ಆಡಿದ ಮಾತುಗಳು ಅತ್ತೆಗೆ ಇವತ್ತಿಗೂ ಬಾಯಿಪಾಠ. "ಓದಿ ಯಾವ ಡೀಸಿ ಆಗ್ಬೇಕು?" "ತಂಗೀರಿಗೆ ಗಂಡು ಸಿಗೋದ್ ಬ್ಯಾಡ್ವಾ?" "ನಾಲ್ಕು ಜನ ಏನಂತಾರೆ?" ಇವನ್ನೇ ಸೆರಗಿನಿಂದ ಸಾಲು ಸಾಲಾಗಿ ಹೊಲಿದು ತೂಗುಹಾಕಬೇಕು ಅಂತ ಆಸೆ. ಆದರೆ ಕಸೂತಿ ರಿಂಗ್‌ನಲ್ಲಿ ಬಟ್ಟೆ ಜಾರುತ್ತದೆ. ದಾರ ಸ್ವಲ್ಪ ಎಳೆದರೂ ಸುಕ್ಕು. ಮಡಿಕೆ ಬಿದ್ದ ಕಡೆ, ಜರಿ ಪಕ್ಕದಲ್ಲಿ ಸೀಳಿಯೂ ಇದೆ. ಹೇಗೆ ಮಾಡಲಿ? ನೋಡಿದವರಿಗೆ ಬರೀ ದೂರು ಅನ್ನಿಸುತ್ತಾ?

ಸೂಜಿದಾರ, ಮೈಸೂರು:
ಮೊದಲು ತೆಳು ಮಲ್ ಬಟ್ಟೆ ಒಗೆದು, ಒಣಗಿಸಿ, ಸೀರೆಯ ಹಿಂದೆ ಕಚ್ಚಾ ಹೊಲಿಗೆ ಹಾಕಿ ಸೇರಿಸಿ. ಭಾರ ಅದರ ಮೇಲೆ ಬೀಳಲಿ, ರೇಷ್ಮೆ ಮೇಲೆ ಬೇಡ. ಸೀಳಿದ ಜಾಗವೂ ಅಲ್ಲೇ ನಿಲ್ಲುತ್ತದೆ. ರಿಂಗ್‌ಗೆ ಹತ್ತಿಬಟ್ಟೆ ಪಟ್ಟಿ ಸುತ್ತಿ. ರಾತ್ರಿ ರಿಂಗ್ ತೆಗೆದಿಡಿ, ಇಲ್ಲದಿದ್ದರೆ ಗುರುತು ಹೋಗಲ್ಲ. ಅಕ್ಷರ ಮೂಡಿಸಲು ಕಾರ್ಬನ್ ಹಾಳೆ ಮುಟ್ಟಲೇಬೇಡಿ. ತೆಳು ಟಿಶ್ಯೂ ಕಾಗದದ ಮೇಲೆ ಬರೆದು, ಅದರ ಮೇಲೆಯೇ ಹೊಲಿದು, ಆಮೇಲೆ ಕಾಗದ ಹರಿದುಹಾಕಿ. ನೀರು ಸೋಕಿಸಬೇಡಿ. ಮೈಸೂರು ಸಿಲ್ಕ್ ಕ್ರೇಪ್ ಬಟ್ಟೆ, ಅದರ ನೂಲನ್ನು ಬಿಗಿಯಾಗಿ ಹುರಿ ಮಾಡಿರುತ್ತಾರೆ, ನೆನೆದರೆ ಕುಗ್ಗುತ್ತದೆ.

ಕಾವಾ (ಮೈಸೂರಿನ ಕಲಾ ಶಾಲೆ) ಹಳೇ ವಿದ್ಯಾರ್ಥಿನಿ:
ದೂರು ಅನ್ನಿಸಿದರೆ ಅನ್ನಿಸಲಿ ಬಿಡಿ. ಲೂಯಿಸ್ ಬೂರ್ಜ್ವಾ ಅನ್ನುವ ಕಲಾವಿದೆ 1938ರ ತನ್ನ ಮದುವೆಯ ಲಿನನ್ ಕೈ ಒರೆಸುವ ಬಟ್ಟೆಗಳನ್ನು ಜೋಪಾನ ಮಾಡಿಟ್ಟು, 2002ರಲ್ಲಿ, ತೊಂಬತ್ತು ದಾಟಿದ ಮೇಲೆ, ಅವನ್ನೇ ಪುಟ ಮಾಡಿ ಬಟ್ಟೆಯ ಪುಸ್ತಕ ಹೊಲಿದರು.

ನನಗೆ ಜಾಸ್ತಿ ಕಾಡಿದ್ದು ಆಗ್ನೆಸ್ ರಿಕ್ಟರ್. ಜರ್ಮನಿಯ ದರ್ಜಿ ಹೆಂಗಸು. ಮಾನಸಿಕ ಆಸ್ಪತ್ರೆಯಲ್ಲಿದ್ದಾಗ, 1895ರ ಸುಮಾರಿಗೆ, ಅಲ್ಲಿನ ಬಟ್ಟೆಯಲ್ಲೇ ಜಾಕೆಟ್ ಹೊಲಿದುಕೊಂಡು ಅದರ ಒಳಗೂ ಹೊರಗೂ ಅಕ್ಷರ ಹೊಲಿದಳು. ಅದು ಈಗ ಹೈಡೆಲ್‌ಬರ್ಗ್‌ನ ಪ್ರಿಂಜ್‌ಹಾರ್ನ್ ಸಂಗ್ರಹದಲ್ಲಿದೆ. ಎಷ್ಟೋ ಅಕ್ಷರ ಸವೆದುಹೋಗಿವೆ. ಓದಲು ಸಿಗುವುದರಲ್ಲಿ "ನಾನು", "ನನ್ನ" ಅನ್ನುವುದು ಮತ್ತೆ ಮತ್ತೆ ಬರುತ್ತದೆ.

ನಿಮ್ಮ ಸೀರೆಯಲ್ಲಿ ಎಲ್ಲರ ಮಾತೂ ಇದೆ. ಅತ್ತೆಯದು ಎಲ್ಲಿ? ಅವರನ್ನೇ ಒಂದು ಮಾತು ಕೇಳಿ.

ಮಂಡ್ಯದ ಸೊಸೆ:
ಕೇಳಿದೆ. ಅತ್ತೆ ಹಾಲಿನ ಲೆಕ್ಕದ ಪುಸ್ತಕ ತಂದು, ಹಿಂದಿನ ಹಾಳೆಯಲ್ಲಿ "ಒಂದನೇ ತರಗತಿ, ಹಾಜರಿ" ಅಂತ ಬರೆದರು. ಕೆಳಗೆ ಗೆರೆ ಎಳೆದು ಆಗ ಅವರ ಬೀದಿಯಲ್ಲಿದ್ದ ಮಕ್ಕಳ ಹೆಸರುಗಳು, ತಡವರಿಸದೆ, ಒಂದರ ಕೆಳಗೊಂದು. ಮೇಷ್ಟ್ರಮ್ಮ ಆಗಿದ್ದರೆ ಮೊದಲ ದಿನ ಯಾರ ಹೆಸರು ಕೂಗಬೇಕು ಅಂತ ಆಗಲೇ ಯೋಚಿಸಿಟ್ಟಿದ್ದರಂತೆ. ನಮ್ಮ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಅದೇ ಕೈಬರಹ, ಅದೇ ಅಳತೆಯಲ್ಲಿ, ಸೀರೆ ನಡುವೆ ಬಿಳಿ ದಾರದಲ್ಲಿ ಬರುತ್ತದೆ. ಊರವರ ಮಾತುಗಳೂ ಇರುತ್ತವೆ, ಆದರೆ ಸೀರೆಯದೇ ಕುಂಕುಮ ಬಣ್ಣದ ದಾರದಲ್ಲಿ, ಹತ್ತಿರ ಬಂದವರಿಗೆ ಮಾತ್ರ ಕಾಣುವ ಹಾಗೆ. ಅಕ್ಷರ ಬಹಳ ಸಣ್ಣವು. ದಾರ ಒಂದೇ ಎಳೆ ಸಾಕಾ ಅಕ್ಕ?

ಸೂಜಿದಾರ, ಮೈಸೂರು:
ಸಾಕು. ಬ್ಯಾಕ್ ಸ್ಟಿಚ್ ಹಾಕಿ. ಒತ್ತಕ್ಷರ ಬಂದಲ್ಲಿ ಹೊಲಿಗೆ ಇನ್ನೂ ಚಿಕ್ಕದಾಗಲಿ, ಇಲ್ಲದಿದ್ದರೆ ಅತ್ತೆಯ ಬರಹದ ತಿರುವು ಮುರಿದುಹೋಗುತ್ತದೆ.