ಮಾವ, ಸ್ಕ್ರಿಪ್ಟಿನ ಎರಡನೇ ಸಾಲು ಬದಲಾಯಿಸಿ

ಮಾವ, ಕನ್ನಡ ಕೂಟದ ಮಕ್ಕಳ ಕಾರ್ಯಕ್ರಮಕ್ಕೆ ಅಂತ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬಗ್ಗೆ ನೀವು ಗ್ರೂಪಿಗೆ ಹಾಕಿದ ಸ್ಕ್ರಿಪ್ಟ್ ಓದಿದೆ. "1621ರಲ್ಲಿ ಮೊದಲ ಥ್ಯಾಂಕ್ಸ್‌ಗಿವಿಂಗ್ ಆಯ್ತು, ಅದು ಬರೀ ಸುಗ್ಗಿ ಊಟ, ಧರ್ಮಕ್ಕೂ ಅದಕ್ಕೂ ಸಂಬಂಧ ಇಲ್ಲ" ಅಂತಿದೆಯಲ್ಲ, ಅದು ಅರ್ಧ ಸರಿ. ಸುಗ್ಗಿ ಊಟ ಹೌದು. ಆದರೆ ಊಟ ಮಾಡಿದವರೇ, ಅಂದ್ರೆ ಇಂಗ್ಲೆಂಡಿನಿಂದ ಬಂದು ಅಮೆರಿಕದ ಪ್ಲಿಮತ್‌ನಲ್ಲಿ ನೆಲೆಸಿದ ಕ್ರೈಸ್ತರೇ, ಅದನ್ನ ಥ್ಯಾಂಕ್ಸ್‌ಗಿವಿಂಗ್ ಅಂದಿಲ್ಲ. ಪ್ಲಿಮತ್‌ನಲ್ಲಿದ್ದ ಎಡ್ವರ್ಡ್ ವಿನ್ಸ್ಲೋ ಬರೆದ ಕಾಗದ ಇದೆ: ನಾಲ್ಕು ಜನ ಹಕ್ಕಿ ಹೊಡೆಯೋಕೆ ಹೋದರು, ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ಮುಖ್ಯಸ್ಥ ಮಸಸೋಯಿಟ್ ಸುಮಾರು 90 ಜನರನ್ನ ಕರಕೊಂಡು ಬಂದ, ಅವರು ಐದು ಜಿಂಕೆ ತಂದರು, ಮೂರು ದಿನ ಊಟ ನಡೀತು. ಥ್ಯಾಂಕ್ಸ್‌ಗಿವಿಂಗ್ ಅನ್ನೋ ಮಾತು ಅಲ್ಲಿಲ್ಲ.

ಯಾಕಂದ್ರೆ ಅವರ ಬಾಯಲ್ಲಿ ಆ ಮಾತಿಗೆ ಬೇರೇನೇ ಅರ್ಥ. ಕ್ರಿಸ್‌ಮಸ್, ಸಂತರ ಹಬ್ಬ ಯಾವುದೂ ಬೈಬಲ್‌ನಲ್ಲಿ ಹೇಳಿಲ್ಲ ಅಂತ ಕೈಬಿಟ್ಟ ಜನ ಅವರು. ಭಾನುವಾರ ಬಿಟ್ಟರೆ ಇಟ್ಟುಕೊಂಡಿದ್ದು ಎರಡೇ: ಕಷ್ಟ ಬಂದಾಗ ಉಪವಾಸದ ದಿನ, ಕಷ್ಟ ಕಳೆದಾಗ ಕೃತಜ್ಞತೆಯ ದಿನ. ಅದಕ್ಕೆ ಇಂಥದ್ದೇ ತಾರೀಖು ಅಂತ ಇಲ್ಲ, ದೇವರು ಕೊಟ್ಟಾಗ ಮಾಡೋದು. ನಮ್ಮ ಮಂಗಳೂರಿನ ಕಡೆ ಕ್ಯಾಥೊಲಿಕರ ಮೊಂತಿ ಫೆಸ್ತ್ ಪ್ರತಿವರ್ಷ ಸೆಪ್ಟೆಂಬರ್ 8ಕ್ಕೇ ಬರುತ್ತೆ, ಮೇರಿ ಮಾತೆಯ ಜನ್ಮದಿನ, ಹೊಸ ತೆನೆ ಚರ್ಚಿಗೆ ಹೋಗುತ್ತೆ. ಪ್ಲಿಮತ್‌ನವರು ಅದನ್ನ ಕಂಡಿದ್ದರೆ ಮುಖ ಸಿಂಡರಿಸ್ತಿದ್ದರು!

1623 ನೋಡಿ. ಮೇ ಮೂರನೇ ವಾರದಿಂದ ಜುಲೈ ನಡುವಿನ ತನಕ ಮಳೆ ಇಲ್ಲ, ಮೆಕ್ಕೆಜೋಳ ಬಾಡಿತು. ಒಂದು ದಿನ ಗೊತ್ತುಮಾಡಿ ಎಂಟೊಂಬತ್ತು ಗಂಟೆ ಪ್ರಾರ್ಥನೆಗೆ ಕೂತರು. ಬೆಳಿಗ್ಗೆ ಸುಡು ಬಿಸಿಲು, ಸಂಜೆ ಹೊತ್ತಿಗೆ ಮೋಡ. ಆಮೇಲೆ ಬಂದದ್ದು ಗಾಳಿಯಿಲ್ಲದ, ಗುಡುಗಿಲ್ಲದ ಮೆತ್ತನೆ ಮಳೆ. ಬಿರುಮಳೆ ಆಗಿದ್ದರೆ ಬಾಡಿದ ಪೈರು ಮಲಗಿಬಿಡೋದು. ಇದು ನೆಲಕ್ಕೆ ಇಳಿಯಿತು, ಪೈರು ಎದ್ದಿತು. ಅದಾದ ಮೇಲೆ ಇನ್ನೊಂದು ದಿನ ಗೊತ್ತುಮಾಡಿ ದೇವರಿಗೆ ಕೃತಜ್ಞತೆ ಸಲ್ಲಿಸಿದರು. ಅವರ ಲೆಕ್ಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಅಂದ್ರೆ ಇದು.

ಮುಂದಿನದು ಬೇಗ ಹೇಳಿಬಿಡ್ತೀನಿ. 1789ರಲ್ಲಿ ಅಮೆರಿಕದ ಅಧ್ಯಕ್ಷ ವಾಷಿಂಗ್ಟನ್ ನವೆಂಬರ್ 26ನ್ನ ಥ್ಯಾಂಕ್ಸ್‌ಗಿವಿಂಗ್ ದಿನ ಅಂತ ಘೋಷಿಸಿದರು. ಮುಂದೆ ಅಧ್ಯಕ್ಷರಾದ ಜೆಫರ್ಸನ್ ಇದು ಸರ್ಕಾರದ ಕೆಲಸವಲ್ಲ ಅಂತ ಒಪ್ಪಲೇ ಇಲ್ಲ. 1863ರಲ್ಲಿ, ಅಂತರ್ಯುದ್ಧದ ನಡುವೆ, ಅಧ್ಯಕ್ಷ ಲಿಂಕನ್ ನವೆಂಬರ್ ಕೊನೆ ಗುರುವಾರ ಅಂದರು. ಆ ಘೋಷಣೆಯಲ್ಲಿ ಸ್ವರ್ಗದ ತಂದೆಗೆ ಸ್ತುತಿಯೂ ಇದೆ, ದೇಶದ ತಪ್ಪಿಗೆ ಪಶ್ಚಾತ್ತಾಪವೂ ಇದೆ. ಆ ಪಶ್ಚಾತ್ತಾಪ ಎಲ್ಲಿಂದ ಬಂತು ಅಂದರೆ, ಹಳೇ ಉಪವಾಸದ ದಿನದ್ದು! ನಾಲ್ಕನೇ ಗುರುವಾರ ಅಂತ ಕಾನೂನು ಆಗಿದ್ದು 1941ರಲ್ಲಿ.

ಅದಕ್ಕೆ ಎರಡನೇ ಸಾಲು ಹೀಗೆ ಮಾಡಿ: "1621ರಲ್ಲಿ ಸುಗ್ಗಿ ಊಟ ಆಯ್ತು, 1623ರಲ್ಲಿ ಮಳೆ ಬಂದಿದ್ದಕ್ಕೆ ಪ್ರಾರ್ಥನೆ ಆಯ್ತು, ಈಗಿನ ಹಬ್ಬದಲ್ಲಿ ಎರಡೂ ಸೇರಿಕೊಂಡಿವೆ." ಇನ್ನೊಂದು ಮಾತು, ಮೂಲನಿವಾಸಿಗಳ ವೇಷ ಅಂತ ಮಕ್ಕಳ ತಲೆಗೆ ಗರಿ ಕಟ್ಟೋದು ಬೇಡ. 1970ರಿಂದ ಅದೇ ದಿನ ಪ್ಲಿಮತ್‌ನಲ್ಲಿ ಅಲ್ಲಿನ ಮೂಲನಿವಾಸಿಗಳು ಶೋಕ ಆಚರಿಸ್ತಾರೆ.