ಅಪ್‌ಡೇಟ್: ತಂಗಿಯ ನರ್ಸಿಂಗ್ ಅಡ್ಮಿಶನ್, ಹೆಪಟೈಟಿಸ್ ಬಿ ಲಸಿಕೆ ವಿಷಯ

ಹೋದ ಸಲ ಕೇಳಿದ್ನಲ್ಲ, ದಾವಣಗೆರೆಯಲ್ಲಿ ಬಿಎಸ್ಸಿ ನರ್ಸಿಂಗ್ ಸೀಟು ಸಿಕ್ಕೈತೆ, ಕಾಲೇಜಿನವ್ರು ಫಿಟ್ನೆಸ್ ಸರ್ಟಿಫಿಕೇಟ್ ಜೊತೆ ಹೆಪಟೈಟಿಸ್ ಬಿ (ರಕ್ತದಿಂದ ಹರಡೋ ಲಿವರ್ ಸೋಂಕು) ಲಸಿಕೆ ದಾಖಲೆ ಕೇಳ್ತಿದಾರೆ, ಚಿಕ್ಕಂದಿನ ಲಸಿಕೆ ಬರೆದಿರೋ ತಾಯಿ ಕಾರ್ಡು ಸಿಗ್ತಿಲ್ಲ ಅಂತ. ಕೆಲಸ ಆಯ್ತು.

ಊರಿನ ಆರೋಗ್ಯ ಕೇಂದ್ರದಲ್ಲಿ ಹಳೇ ರಿಜಿಸ್ಟರ್ ಹುಡುಕ್ಸಿ ಅಂದಿದ್ರಲ್ಲ, ಅದು ಆಗ್ಲಿಲ್ಲ, ಅಷ್ಟು ಹಿಂದಿನ ಪುಸ್ತಕ ಅಲ್ಲಿ ಇಲ್ವೇ ಇಲ್ಲ. ಟೈಟರ್ ಟೆಸ್ಟ್ (ಲಸಿಕೆಯ ರಕ್ಷಣೆ ರಕ್ತದಲ್ಲಿ ಎಷ್ಟೈತೆ ಅಂತ ನೋಡೋದು) ಮಾಡ್ಸಿ ಅಂದವ್ರ ಮಾತು ಕೇಳಿ ಜಯದೇವ ಸರ್ಕಲ್ ಹತ್ರ ಲ್ಯಾಬಲ್ಲಿ ರಕ್ತ ಕೊಟ್ವಿ, 10ಕ್ಕಿಂತ ಕಮ್ಮಿ ಬಂತು, ಅಂದ್ರೆ ರಕ್ಷಣೆ ಐತೆ ಅಂತ ಹೇಳಕ್ಕಾಗಲ್ಲ, ದುಡ್ಡೂ ಹೋಯ್ತು. ಕೊನೆಗೆ ಕೆಲಸಕ್ಕೆ ಬಂದಿದ್ದು "ಸುಮ್ನೆ ಹೊಸದಾಗಿ ಶುರು ಮಾಡಿ, ಮೊದಲ ಡೋಸಿನ ತಾರೀಖು ಸರ್ಟಿಫಿಕೇಟಲ್ಲೇ ಬರೆಸ್ಕೊಳ್ಳಿ" ಅಂದ ಅಕ್ಕನ ಸಲಹೆ, ಅವ್ರಿಗೆ ದೊಡ್ಡ ನಮಸ್ಕಾರ. ಸರ್ಕಾರಿ ಡಾಕ್ಟ್ರು ಹಂಗೇ ಬರ್ಕೊಟ್ರು, ಉಳಿದ ಎರಡು ಡೋಸ್ 1 ತಿಂಗಳು, 6 ತಿಂಗಳಿಗೆ, ಹಾಕಿಸ್ಕೋತೀವಿ ಅಂತ ಮುಚ್ಚಳಿಕೆ ಕೊಟ್ಮೇಲೆ ಕಾಲೇಜಿನವ್ರು ತಗೊಂಡ್ರು.

ಗೊತ್ತಿಲ್ದೇ ಇದ್ದಿದ್ದು ಅಂದ್ರೆ ಟೈಟರ್ ನೋಡೋ ಸರಿಯಾದ ಟೈಮು ಮೂರನೇ ಡೋಸ್ ಆಗಿ 1-2 ತಿಂಗಳಿಗಂತೆ, ವರ್ಷಗಳು ಕಳೆದ್ರೆ ಚಿಕ್ಕಂದಿನಲ್ಲಿ ಪೂರ್ತಿ ಹಾಕಿಸ್ಕೊಂಡವ್ರಿಗೂ ನಂಬರ್ ಇಳಿದಿರತ್ತೆ. ನರ್ಸಿಂಗ್ ಅಂದ್ರೆ ರೋಗಿಗೆ ಹಾಕಿದ ಸೂಜಿ ಅಕಸ್ಮಾತ್ ತಮಗೇ ಚುಚ್ಕೊಳ್ಳೋ ಕೆಲಸ ಅಲ್ವಾ, ಅದಕ್ಕೇ ಕಾಲೇಜಿನವ್ರು ಇಷ್ಟು ಕೇಳೋದು.

ಕಣ್ಣಿನ ಟೆಸ್ಟಿಗೆ ಅವಳು ಸುಮ್‌ಸುಮ್ನೆ ಹೆದರಿದ್ಲು. ಬಣ್ಣದ ಚುಕ್ಕಿ ಪುಸ್ತಕ ಕೊಟ್ರು, ಮೊದಲ ಪುಟದ 12 ಅನ್ನೋ ಅಂಕಿ ಬಣ್ಣಗುರುಡು ಇದ್ದವ್ರಿಗೂ ಕಾಣತ್ತಂತೆ, ಇವಳು ಅದನ್ನೇ ಜೋರಾಗಿ ಓದಿ ಖುಷಿಪಟ್ಲು. ಕನ್ನಡಕಕ್ಕೆ ಯಾರೂ ತಕರಾರು ಮಾಡ್ಲಿಲ್ಲ. ಎರಡನೇ ಡೋಸ್ ಮುಂದಿನ ತಿಂಗಳು.